ಕಬ್ಬಿನ ತರಗಿನಡಿ ಬಚ್ಚಿಟ್ಟ ಎಂಜಿನ್ನು

ಆ ದಿನ ಬೆಳಗ್ಗೆಯೂ ಒಲೆ ಹಚ್ಚುವುದಕ್ಕೆ ಮೊದಲು ಎಡಿಟಿಂಗ್ ಮೇಜು ಒರೆಸಿದೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಸಾಕ್ಷ್ಯಚಿತ್ರ ತೆಗೆಯುವವರ ಪುಟ್ಟ ತಂಡವೊಂದು ಬಿಡಾರ ಮಾಡಿತ್ತು. ಒಲೆಯ ಕೆಲಸ ಆದ ಮೇಲೆ ಮೇಜು ಒರೆಸಿದರೆ ಕೈಯಲ್ಲಿ ಎಣ್ಣೆಯ ಜಿಡ್ಡು ಇರುತ್ತದೆ. ಫಿಲ್ಮಿಗೆ ಹತ್ತಿದ ಸಾಸಿವೆಯಷ್ಟು ಜಿಡ್ಡು ಪರದೆಯ ಮೇಲೆ ಕುಂಬಳಕಾಯಿಯಷ್ಟು ಕಾಣುತ್ತದೆ. ಒರೆಸುವ ಬಟ್ಟೆ ನಮ್ಮ ಮಾವನವರ ಹಳೆಯ ಮಲ್ಲಿನ ಪಂಚೆಯದೇ ಆಗಬೇಕು, ಬೇರೆ ಬಟ್ಟೆ ನೂಲು ಬಿಡುತ್ತದೆ. ಆಮೇಲೆ ಹಾಲು, ಕಾಫಿ, ಮೈಸೂರಿನ ರೈಲು ಹಿಡಿಯುವ ನಮ್ಮ ಯಜಮಾನರ ಡಬ್ಬಿಗೆ ಚಿತ್ರಾನ್ನ, ಮಗಳ ಎರಡು ಜಡೆಗೆ ಎರಡು ರಿಬ್ಬನ್ನು. ಎಲ್ಲರೂ ಹೊರಟ ಮೇಲೆ ತಣ್ಣಗಾದ ನನ್ನ ಕಾಫಿಯನ್ನು ಮತ್ತೆ ಬಿಸಿ ಮಾಡಿಕೊಂಡು ಜಗಲಿಗೆ ಬಂದರೆ, ಅಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟ ಒಬ್ಬ ತರುಣ ಕೂತಿದ್ದ. ಚಪ್ಪಲಿಯ ಕಿತ್ತ ಉಂಗುಷ್ಟವನ್ನು ತಂತಿಯಲ್ಲಿ ಬಿಗಿದುಕೊಂಡಿದ್ದ. ಕಣ್ಣು ಕೆಂಪಗಿತ್ತು.

"ಅಕ್ಕಾ, ನಿಮ್ ಫಿಲ್ಮಿನಿಂದ ನನ್ ಮದ್ವೆ ಮುರ್ದೋಯ್ತು," ಅಂದ.

ಅವನು ಪಾಂಡವಪುರದ ಹತ್ತಿರದ ಹಳ್ಳಿಯ ಪುಟ್ಟಸ್ವಾಮಿ. ನಾವು ತೆಗೆದ ಬೆಲ್ಲದ ಚಿತ್ರದಲ್ಲಿ ಗಾಣ ಹೊಡೆಯುವ ರೈತ.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಒಬ್ಬಿಬ್ಬರು ಆಗಾಗ ನಮ್ಮ ಮನೆಗೆ ಬಂದು, "ಆಂಟಿ, ಆಗ ಹೇಗಿತ್ತು, ಸ್ವಲ್ಪ ಹೇಳಿ" ಅಂತ ಕೇಳುತ್ತಾರೆ. ಕ್ಯಾಮೆರಾದ ತೂಕ ಎಷ್ಟಿತ್ತು, ಪ್ರಶಸ್ತಿ ಯಾವುದಕ್ಕೆ ಬಂತು ಅನ್ನುವುದು ಅವರ ಪ್ರಶ್ನೆ. ನನಗೆ ನೆನಪಾಗುವುದು ಪುಟ್ಟಸ್ವಾಮಿಯ ಆ ಇಸ್ತ್ರಿ ಶರಟು. ಆದ್ದರಿಂದ ಆ ಒಂದು ದಿನವನ್ನೇ ಬರೆದುಬಿಡುತ್ತೇನೆ. ಕೆಲಸ ಹೇಗಿತ್ತು ಅನ್ನುವುದು ಅದರಲ್ಲೇ ಬರುತ್ತದೆ.

ಮೊದಲು ನಾನು ಈ ಕೆಲಸಕ್ಕೆ ಬಂದ ಬಗೆ. ನನಗೆ ಯಾರೂ ಕೆಲಸ ಕೊಡಲಿಲ್ಲ. ನಾನು ಕಾಫಿ ಕೊಡಲು ಹೋದೆ, ಅಷ್ಟೆ. ತಂಡದ ಯಜಮಾನರು ಕೇಶವಮೂರ್ತಿಗಳು. ಎಲ್ಲರ ಬಾಯಲ್ಲೂ ಮೂರ್ತಿ ಸಾರ್. ಅವರು ತೆಗೆದ ಪ್ರತಿಯೊಂದು ಶಾಟಿಗೂ ಒಂದೊಂದು ಚೀಟಿ ಬರೆದು ಫಿಲ್ಮಿನ ತುಂಡಿನ ಜೊತೆ ಸಿಕ್ಕಿಸಬೇಕಾಗಿತ್ತು. ಅವರ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲ. ಒಂದು ದಿನ "ಎಮ್ಮೆ ಈಜುವುದು" ಅಂತ ಬರೆದದ್ದನ್ನು "ಅಮ್ಮ ಈಚೆ ಬರುವುದು" ಅಂತ ಓದಿಕೊಂಡು ಅರ್ಧ ದಿನ ಅಮ್ಮನನ್ನು ಹುಡುಕುತ್ತಿದ್ದರು. ನಾನು ಲೋಟ ಇಟ್ಟವಳೇ ಅಲ್ಲೇ ನಿಂತು ನಾಲ್ಕು ಚೀಟಿ ತಿರುಗಿ ಬರೆದುಕೊಟ್ಟೆ. ನನ್ನದು ಮೈಸೂರಿನ ಕಾನ್ವೆಂಟಿನ ಅಕ್ಷರ. ಅಲ್ಲಿ ಗಿಡದ ಎಲೆಗಳನ್ನು ಒಣಗಿಸಿ ಅಂಟಿಸಿ ಕೆಳಗೆ ಹೆಸರು ಬರೆಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. "ಕಂಡದ್ದು ಬರಿ, ಕಾಣದ್ದು ಬರೀಬೇಡ," ಅನ್ನುತ್ತಿದ್ದರು. ಮೂರ್ತಿ ಸಾರ್ ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ನಾಳೆಯೂ ಕಾಫಿ ನೀವೇ ತನ್ನಿ," ಅಂದರು. ಅದೇ ನನ್ನ ನೇಮಕ.

ಚೀಟಿ ಬರೆಯುವುದರಿಂದ ತುಂಡು ಅಂಟಿಸುವುದಕ್ಕೆ ಬಂದೆ, ಅಲ್ಲಿಂದ ಚಿತ್ರಕ್ಕೆ ನಿರೂಪಣೆ ಓದುವುದಕ್ಕೆ. ನನ್ನ ದನಿ ಚೆನ್ನಾಗಿತ್ತು ಅಂತಲ್ಲ. ಓದುವವರು ಮೈಸೂರಿನಿಂದ ಬರುವುದು ತಡವಾದ ಒಂದು ದಿನ ನಾನು ಮನೆಯಲ್ಲಿದ್ದೆ. ಬಾಗಿಲು ಕಿಟಕಿಗಳಿಗೆಲ್ಲ ನಮ್ಮ ಮನೆಯ ಕೌದಿಗಳನ್ನು ತೂಗುಹಾಕಿ, ಬೀದಿಯ ಸದ್ದು ಬಾರದ ಹಾಗೆ ಮಾಡಿ, ಒಳಗೆ ಬೆವರು ಸುರಿಸುತ್ತ ಓದುವುದು. ಹೊರಗೆ ಒಂದು ಕಾಗೆ ಕೂಗಿದರೆ ಮತ್ತೆ ಮೊದಲಿನಿಂದ.

ಕೆಲಸದಲ್ಲಿ ಸಣ್ಣಪುಟ್ಟ ಸುಳ್ಳುಗಳಿಗೆ ಕೊರತೆ ಇರಲಿಲ್ಲ, ಹೇಳಿಬಿಡುತ್ತೇನೆ. ಸಂಗಮದಲ್ಲಿ ನದಿಯ ಸದ್ದು ಹಿಡಿಯಲು ಹೋದಾಗ ಯಾರೋ ಮದುವೆಯ ಬ್ಯಾಂಡು ಬಾರಿಸುತ್ತಿದ್ದರು. ಕೊನೆಗೆ ನಮ್ಮ ಬಚ್ಚಲಿನ ತಾಮ್ರದ ಹಂಡೆಗೆ ಚೊಂಬಿನಿಂದ ನೀರು ಸುರಿದು ಕಾವೇರಿ ಮಾಡಿದೆವು. ಚಿತ್ರ ನೋಡಿದ ಒಬ್ಬ ಹಿರಿಯರು, "ತಾಯಿಯ ದನಿ ಕೇಳಿ ಕಣ್ಣು ತುಂಬಿ ಬಂತು," ಅಂದರು. ಮೂರ್ತಿ ಸಾರ್ ಕೆಮ್ಮಿದರು. ನಾನು ಒಳಗೆ ಹೋದೆ.

ಇಂಥದ್ದಕ್ಕೆಲ್ಲ ಮೂರ್ತಿ ಸಾರ್ ಹತ್ತಿರ ಒಂದು ಇತಿಹಾಸದ ಪಾಠ ಸಿದ್ಧವಾಗಿತ್ತು. ಅವರ ಬಳಿ ವಿದೇಶದ ದಪ್ಪ ಪುಸ್ತಕಗಳಿದ್ದವು. ಪ್ರಪಂಚದಲ್ಲಿ ಮೊದಮೊದಲು ಸಾಕ್ಷ್ಯಚಿತ್ರ ತೆಗೆದವರೆಲ್ಲ ಹೀಗೇ ಮಾಡಿದ್ದು ಅನ್ನುತ್ತಿದ್ದರು. ಆಗಿನ ಕ್ಯಾಮೆರಾಕ್ಕೆ ಮನೆಯೊಳಗಿನ ಬೆಳಕು ಸಾಲುತ್ತಿರಲಿಲ್ಲ, ಅದಕ್ಕೆ ಒಂದು ಕಡೆ ಗೋಡೆಯೇ ಇಲ್ಲದ ಮನೆ ಕಟ್ಟಿ, ಚಳಿಯಲ್ಲಿ ಜನರನ್ನು ಅದರೊಳಗೆ ಮಲಗಿಸಿ, ನಿದ್ದೆ ಮಾಡುತ್ತಿದ್ದಾರೆ ಅಂತ ತೋರಿಸಿದರಂತೆ. ಬಂದೂಕು ಹಿಡಿಯುವ ಬೇಟೆಗಾರರ ಕೈಗೆ ಅವರ ಅಜ್ಜಂದಿರ ಭರ್ಜಿ ಕೊಟ್ಟರಂತೆ. ಆದದ್ದನ್ನು ತಿರುಗಿ ಮಾಡಿಸಿದರಂತೆ, ಆಗದ್ದನ್ನು ಆದಂತೆ ಮಾಡಿಸಿದರಂತೆ. "ಅವರು ಹಾಗೆ ಮಾಡದಿದ್ದರೆ ಆ ಬದುಕು ಯಾರಿಗೂ ಗೊತ್ತಾಗದೇ ಅಳಿಸಿಹೋಗುತ್ತಿತ್ತು ಅಮ್ಮಾ. ಹೊರಗಿನ ಸಣ್ಣ ಸುಳ್ಳು, ಒಳಗಿನ ದೊಡ್ಡ ನಿಜ." ಅವರು ಹೇಳುವ ರೀತಿಯಲ್ಲಿ ಕೇಳಿದರೆ ತಲೆದೂಗಬೇಕು ಅನ್ನಿಸುತ್ತಿತ್ತು. ನಾನೂ ತೂಗಿದ್ದೇನೆ.

ಆ ಪಾಠವೇ ಪುಟ್ಟಸ್ವಾಮಿಯ ಆಲೆಮನೆಗೂ ಬಂತು.

ಕಬ್ಬಿನಿಂದ ಬೆಲ್ಲ ತೆಗೆಯುವುದರ ಬಗ್ಗೆ ಚಿತ್ರ. ಮೂರ್ತಿ ಸಾರಿಗೆ ಎತ್ತು ಕಟ್ಟಿ ತಿರುಗಿಸುವ ಗಾಣ ಬೇಕು. ಪಾಂಡವಪುರದ ಸುತ್ತ ಎಲ್ಲಿ ಹುಡುಕಿದರೂ ಡೀಸೆಲ್ ಎಂಜಿನ್ನು. ಪುಟ್ಟಸ್ವಾಮಿಯಂತೂ ಆಗಷ್ಟೇ ಹೊಸ ಎಂಜಿನ್ನು ತಂದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಗೆ ಹಾರ ಹಾಕಿ ನಮಗೆ ತೋರಿಸಿದ. ಅಪ್ಪ ಇಲ್ಲದ ಮನೆ, ಅವ್ವನೂ ಅವನೂ ದುಡಿದು ತಂದದ್ದು. "ಒಂದ್ಸಲ ಸ್ಟಾರ್ಟ್ ಮಾಡ್ಲಾ ಸಾ? ಪಕ್ಕದೂರ್ಗೂ ಕೇಳ್ತದೆ!" ಅಂದ. ಮೂರ್ತಿ ಸಾರ್ ಅದರ ಕಡೆ ಬೆನ್ನು ಮಾಡಿ, "ಹಳೇ ಗಾಣ ಏನಾಯ್ತಪ್ಪ?" ಅಂತ ಕೇಳಿದರು. ಅದು ಹುಲ್ಲಿನ ಮೆದೆಯ ಹಿಂದೆ ಬಿದ್ದಿತ್ತು. ಅದರ ಹಲ್ಲುಗಳ ನಡುವೆ ಕೋಳಿಯೊಂದು ಮೊಟ್ಟೆಗೆ ಕೂತಿತ್ತು.

ಕೋಳಿಯನ್ನು ಎಬ್ಬಿಸಿದರು. ಗಾಣವನ್ನು ನಿಲ್ಲಿಸಿದರು. ಎಂಜಿನ್ನಿನ ಮೇಲೆ ಕಬ್ಬಿನ ಒಣ ತರಗು ರಾಶಿ ಹಾಕಿ ಮುಚ್ಚಿದರು. ಪುಟ್ಟಸ್ವಾಮಿಯ ಅಚ್ಚುಕಟ್ಟಾದ ಶರಟು ಬಿಚ್ಚಿಸಿ, ಪಕ್ಕದ ಮನೆಯವರ ಹರಕು ಬನಿಯನ್ನು ಹಾಕಿಸಿದರು. ನಾನು ಪಕ್ಕದಲ್ಲಿ ನಿಂತು ಚೀಟಿ ಬರೆದೆ. ಆಮೇಲೆ ಕೌದಿಯ ಕೋಣೆಯಲ್ಲಿ ಕೂತು ಓದಿದೆ: "ಈ ರೈತನ ಬದುಕು ತಾತನ ಕಾಲದಿಂದ ಒಂದು ಹೆಜ್ಜೆಯೂ ಮುಂದೆ ಸರಿದಿಲ್ಲ. ಅವನ ಎತ್ತಿನಂತೆ ಅವನೂ ಸುತ್ತುತ್ತಲೇ ಇದ್ದಾನೆ." ಕೊನೆಯ ವಾಕ್ಯಕ್ಕೆ ಸ್ವಲ್ಪ ಮರುಕ ಬರಬೇಕು ಅಂದಿದ್ದರು. ಚೆನ್ನಾಗಿಯೇ ತಂದಿದ್ದೆ.

ಈಗ ಜಗಲಿಯ ಮೇಲೆ ಕೂತಿದ್ದ ಪುಟ್ಟಸ್ವಾಮಿಗೆ ಬಿಸಿ ಮಾಡಿದ ಕಾಫಿಯನ್ನು ಕೊಟ್ಟೆ. ಅವನು ಹೇಳಿದ್ದು ಇಷ್ಟು. ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯ ಚಿಕ್ಕೇಗೌಡರ ಮಗಳು ಜಯಮ್ಮನಿಗೂ ಅವನಿಗೂ ಮಾತಾಗಿತ್ತು. ನಮ್ಮ ಚಿತ್ರವನ್ನು ಸಂತೆಬಾಚಹಳ್ಳಿಯಲ್ಲಿ ಸಂತೆಯ ದಿನ ತೋರಿಸಿದಾಗ ಗೌಡರು ಮನೆಮಂದಿಯನ್ನೆಲ್ಲ ಕರೆದುಕೊಂಡು ನೋಡಿದರು. ಭಾವೀ ಅಳಿಯ ಹರಕು ಬನಿಯನ್ನಿನಲ್ಲಿ, ತಾತನ ಕಾಲದ ಗಾಣ ಹೊಡೆಯುತ್ತಿದ್ದಾನೆ.

"ಎಂಜಿನ್ನು ಅದೆ ಅಂದಿದ್ಯಲ್ಲೋ ಸುಳ್ಗಾರ, ಅಂದ್ರು. ನಾನು ಕರ್ಕೊಂಡೋಗಿ ಎಂಜಿನ್ನು ತೋರುಸ್ದೆ ಅಕ್ಕಾ, ಓಡ್ಸೂ ತೋರುಸ್ದೆ. ಯಾರ್ದೋ ಎರವಲು ತಂದು ನಿಲ್ಸವ್ನೆ ಅಂದ್ಬುಟ್ರು. ಫಿಲ್ಮಲ್ಲಿ ಬಂದದ್ದು ಸುಳ್ಳಾಯ್ತದಾ ಅಂತಾರೆ!"

ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಡಬಡಬ ಸದ್ದು ಮಾಡುತ್ತ ಎದುರಿಗೇ ನಿಂತ ಎಂಜಿನ್ನು ಸುಳ್ಳು, ನಾವು ಪರದೆಯ ಮೇಲೆ ತೋರಿಸಿದ ಗಾಣ ನಿಜ. ನಮ್ಮ ಕೆಲಸಕ್ಕೆ ಇಷ್ಟು ಬಲ ಇದೆ ಅಂತ ಗೊತ್ತಿರಲಿಲ್ಲ.

"ಇವತ್ತು ಮಧ್ಯಾನ್ಕೆ ಅವ್ರು ತಮ್ಮುನ್ನ ನಾಗಮಂಗ್ಲದ ಕಡೆ ಕಳಿಸ್ತಾವ್ರಂತೆ, ಬೇರೆ ಗಂಡಿಗೆ ಒಪ್ಗೆ ಏಳಾಕೆ. ಫಿಲ್ಮಲ್ಲಿ ಮಾತಾಡಿದ್ ಯಮ್ಮನೇ ಬಂದು ಏಳುದ್ರೆ ನಂಬ್ತಾರೇನೋ."

ಮೂರ್ತಿ ಸಾರ್ ಹಿಂದಿನ ದಿನವೇ ಚಿತ್ರದ ಡಬ್ಬಿ ಹಿಡಿದು ಬೆಂಗಳೂರಿಗೆ ಹೋಗಿದ್ದರು, ಯಾರೋ ದೊಡ್ಡವರಿಗೆ ತೋರಿಸಲು. ಕೇಳುವಂತಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಸುಳ್ಳು ಹೇಳಬಾರದು, ಅವರು ಊರಲ್ಲಿಲ್ಲದ್ದು ಒಳ್ಳೆಯದೇ ಆಯಿತು ಅಂದುಕೊಂಡೆ.

ಕೋಣೆಯಲ್ಲಿ ಒಂದು ಬಿದಿರಿನ ಬುಟ್ಟಿ. ಚಿತ್ರದಿಂದ ಕತ್ತರಿಸಿ ತೆಗೆದ ತುಂಡುಗಳೆಲ್ಲ ಅದರೊಳಗೆ ಇಳಿಬಿದ್ದಿರುತ್ತಿದ್ದವು, ಮೇಲೆ ನನ್ನ ಚೀಟಿಗಳು. ಅದರಲ್ಲಿ ಪುಟ್ಟಸ್ವಾಮಿಯ ತುಂಡುಗಳನ್ನು ಹುಡುಕಿದೆ. "ಎತ್ತಿನ ಬಾಲ ತಾಗಿ ತರಗು ಜಾರಿದ್ದು, ಎಂಜಿನ್ನಿನ ಚಕ್ರ ಕಾಣುತ್ತದೆ. ಬೇಡ." "ಪುಟ್ಟಸ್ವಾಮಿ ಇಸ್ತ್ರಿ ಶರಟಿನಲ್ಲಿ ನಗುವುದು. ಬೇಡ." "ಸಾರ್ ಕೈ ಅಡ್ಡ ಬಂದದ್ದು. ಬೇಡ." ಬೇಡ ಅಂದದ್ದನ್ನೆಲ್ಲ ಸಾಲಾಗಿ ಅಂಟಿಸಿದೆ. ಇದ್ದದ್ದು ಇದ್ದ ಹಾಗೆ ಬಂದ ತುಂಡುಗಳೆಲ್ಲ ಬುಟ್ಟಿಯಲ್ಲೇ ಉಳಿದಿದ್ದವಲ್ಲ ಅನ್ನಿಸಿತು.

ವ್ಯಾನು ಓಡಿಸುವವರೂ ಪ್ರೊಜೆಕ್ಟರು ನಡೆಸುವವರೂ ಒಬ್ಬರೇ, ಅನ್ವರ್ ಭಾಯ್. ನಮ್ಮ ಬೀದಿಯ ಕೊನೆಯ ಮನೆ. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಅರೆ ಆಪಾ, ಸಾರ್‌ಗೆ ಗೊತ್ತಾದ್ರೆ ನನ್ನನ್ನ ಆ ಗಾಣಕ್ಕೇ ಕಟ್ತಾರೆ! ಆದ್ರೂ ಶಾದಿ ವಿಷಯ. ಹತ್ತಿ, ಹತ್ತಿ."

ಕೆ.ಆರ್. ಪೇಟೆ ಬಂದಾಗ ಪುಟ್ಟಸ್ವಾಮಿ, "ಅಕ್ಕಾ, ಬಾಚಣಿಗೆ ಅದಾ?" ಅಂದ. ನನ್ನ ಕೈಚೀಲದ್ದನ್ನು ಕೊಟ್ಟೆ. ಶೀಳನೆರೆಯಲ್ಲಿ ಗೌಡರ ಮನೆ ತಲುಪಿದಾಗ ವ್ಯಾನಿನಿಂದ ಇಳಿಯಲು ಅವನಿಗೆ ಧೈರ್ಯ ಬರಲಿಲ್ಲ. ಪ್ರೊಜೆಕ್ಟರಿನ ಡಬ್ಬಗಳ ನಡುವೆ ಬಾಚಣಿಗೆ ಹಿಡಿದುಕೊಂಡು ಕೂತೇ ಇದ್ದ.

ಚಿಕ್ಕೇಗೌಡರು ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು. ಅವರ ತಮ್ಮ ಆಗಲೇ ಪಂಚೆ ಬದಲಿಸಿ ಬಸ್ಸಿಗೆ ಹೊರಡಲು ಸಿದ್ಧನಾಗಿದ್ದ. ನಾನು ಬಂದ ವಿಷಯ ಹೇಳುತ್ತಿದ್ದಂತೆ ಗೌಡರು, "ನಿಮ್ ದನಿ ಗುರ್ತು ಸಿಕ್ತು ಕಣಮ್ಮ. ಅಳೋ ಅಂಗೆ ಏಳಿದ್ರಿ ಅವತ್ತು," ಅಂದರು. ಮಜ್ಜಿಗೆ ಕೊಡಿಸಿದರು. ಆಮೇಲೆ ರಾಗಿ ಮೂಟೆ ಇಡುವ ಕತ್ತಲೆ ಕೋಣೆಯ ಬಾಗಿಲು ತೆಗೆದುಕೊಟ್ಟರು. ಅನ್ವರ್ ಭಾಯ್ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರು ಹಚ್ಚಿದರು.

ಮೂಟೆಗಳ ಮೇಲೆ ಕೂತು ಮನೆಯವರೆಲ್ಲ ನೋಡಿದರು. ಇಸ್ತ್ರಿ ಶರಟಿನ ಪುಟ್ಟಸ್ವಾಮಿ ಹಲ್ಲು ಬಿಟ್ಟ. ಮೂರ್ತಿ ಸಾರ್ ಕೈ ಪರದೆಯ ತುಂಬ ಬಂದು ಹೋಯಿತು. ಎತ್ತು ಬಾಲ ಬೀಸಿತು, ತರಗು ಸರ್ರನೆ ಜಾರಿತು, ಮಲ್ಲಿಗೆ ಹಾರದ ಸಮೇತ ಎಂಜಿನ್ನಿನ ಚಕ್ರ ಇಣುಕಿತು. ಗೌಡರ ಅವ್ವ, "ಅಯ್ಯೋ ನಮ್ಮಪ್ಪ, ಒಳ್ಗೆ ಗಣೇಸ್ನ ಕೂರ್ಸವ್ರೆ!" ಅಂದಾಗ ಎಲ್ಲರೂ ನಕ್ಕರು. ಗೆದ್ದೆವು ಅಂದುಕೊಂಡೆ.

ಗೌಡರು ನಗಲಿಲ್ಲ. ದೀಪ ಹಚ್ಚಿದ ಮೇಲೆ ನಿಧಾನವಾಗಿ ಕೇಳಿದರು: "ಅಲ್ಲ ಕಣಮ್ಮ. ಅವತ್ತು ತೋರ್ಸಿದ್ದು ನೀವೇ, ಇವತ್ತು ತೋರ್ಸಿದ್ದೂ ನೀವೇ. ಅದು ಸುಳ್ಳು, ಇದು ನಿಜ ಅಂತೀರಿ. ಒಂದ್ಸಲ ಎಂಜಿನ್ನು ಬಚ್ಚಿಡಕ್ಕೆ ಬಂದೋರು ಇನ್ನೊಂದ್ಸಲ ಇಲ್ದಿರೋ ಎಂಜಿನ್ನು ತಂದಿಡಕ್ಕೂ ಬರ್ತೀರಿ. ನಾನು ಯಾವ್ದುನ್ನ ನಂಬ್ಲಿ?"

ಇವತ್ತಿಗೂ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಗೌಡರ ಈ ಪ್ರಶ್ನೆಯನ್ನೇ. ಒಂದು ಶಾಟು ಕೆಟ್ಟರೆ ಇನ್ನೊಂದು ತೆಗೆಯಬಹುದು. ಮಾತು ಕೆಟ್ಟರೆ, ಆಮೇಲೆ ತೆಗೆದ ಒಳ್ಳೆಯ ಶಾಟೂ ಅದರ ಜೊತೆ ಕೆಡುತ್ತದೆ. ತಮ್ಮ ಎದ್ದು ನಿಂತು ಬಸ್ಸಿನ ಹೊತ್ತಾಯಿತು ಅನ್ನುವ ಹಾಗೆ ಅಣ್ಣನ ಮುಖ ನೋಡಿದ.

ಆಗ ಬಾಗಿಲ ಹತ್ತಿರ, ತೋಳಿನ ತನಕ ಸಗಣಿ ಮೆತ್ತಿಕೊಂಡು ನಿಂತಿದ್ದ ಹುಡುಗಿ ಬಾಯಿ ಬಿಟ್ಟಳು. ಅವಳೇ ಜಯಮ್ಮ. ಕೊಟ್ಟಿಗೆ ಕೆಲಸದ ನಡುವೆ ಬಂದು ನಿಂತಿದ್ದಳು.

"ಅದು ಸುಳ್ಳು ಅಂತ ನಂಗವತ್ತೇ ಗೊತ್ತಿತ್ತು."

"ಎಂಗವ್ವ ಗೊತ್ತು?" ಅಂದರು ಗೌಡರು.

"ಎತ್ತಿನ ಕಾಲಡಿ ಹುಲ್ಲಿತ್ತಲ್ಲಪ್ಪ. ದಿನಾ ಗಾಣ ತಿರುಗೋ ಜಾಗ ಸಿಮೆಂಟ್ ಅಂಗೆ ಗಟ್ಟಿ ಆಗಿರ್ತದೆ, ಅಲ್ಲಿ ಹುಲ್ಲು ಬೆಳೀತದಾ? ಆ ಎತ್ತುಗ್ಳೂ ಗಾಣದ ಎತ್ತಲ್ಲ, ಗಾಡಿ ಎತ್ತು. ಮೂರು ಸುತ್ತು ಸುತ್ತಕ್ಕಿಲ್ಲ, ರೋಡಿನ ಕಡೀಕೆ ಎಳೀತಿದ್ವು. ನೊಗದ ಗಾಯ ನೋಡಿದ್ರೂ ತಿಳೀತದೆ."

ನಾನು ತುಂಡುಗಳ ಜೊತೆ ತಂದಿದ್ದ ಚೀಟಿಗಳನ್ನು ತಿರುವಿದೆ. ಇತ್ತು. ನನ್ನ ಕಾನ್ವೆಂಟಿನ ಅಕ್ಷರದಲ್ಲೇ ಇತ್ತು: "ಎತ್ತುಗಳ ಕಾಲ ಕೆಳಗೆ ಹಸಿರು ಹುಲ್ಲು, ನೋಡಲು ಚೆನ್ನಾಗಿದೆ." ನಾನು ಕಂಡಿದ್ದೆ, ಬರೆದೂ ಇದ್ದೆ. ಅದು ಏನು ಹೇಳುತ್ತಿದೆ ಅಂತ ತಿಳಿದಿರಲಿಲ್ಲ. ಬೆಂಗಳೂರಿನ ದೊಡ್ಡವರಿಗೂ ಮೂರ್ತಿ ಸಾರಿಗೂ ತಿಳಿಯದ್ದನ್ನು ಒಂದೇ ಸಲ, ಸಂತೆಯ ಗದ್ದಲದಲ್ಲಿ, ನೆಲದ ಮೇಲೆ ಕೂತು ನೋಡಿದ ಹುಡುಗಿ ಓದಿದ್ದಳು.

"ಗೊತ್ತಿದ್ಮೇಲೆ ಅವತ್ತೇ ಯಾಕಮ್ಮಿ ಏಳ್ನಿಲ್ಲ?" ಗೌಡರಿಗೆ ಮಗಳ ಮೇಲೆ ಸಿಟ್ಟೂ ಬಂತು.

"ಯಾರ್ ಕೇಳುದ್ರು?"

ಗೌಡರ ಅವ್ವ ಮುಸಿಮುಸಿ ನಕ್ಕರು. ಜಯಮ್ಮ ಅಷ್ಟಕ್ಕೇ ಬಿಡಲಿಲ್ಲ. ವ್ಯಾನಿನ ಕಡೆ ಗಲ್ಲ ತೋರಿಸಿ, "ಎಂಜಿನ್ನು ಇರೋದು ದಿಟ. ಯಾರೋ ಬಂದು ಬಚ್ಚಿಡು ಅಂದ್ರೆ ಅದ್ಯಾಕೆ ಬಚ್ಚಿಟ್ರು ಅಂತ ಕೇಳಿ ಅವ್ರುನ್ನ," ಅಂದಳು.

ಪುಟ್ಟಸ್ವಾಮಿಯನ್ನು ಇಳಿಸಿ ಕರೆತಂದರು. ತಲೆ ಎಷ್ಟು ಚೆನ್ನಾಗಿ ಬಾಚಿಕೊಂಡಿದ್ದನೆಂದರೆ ಇನ್ನೊಂದು ಚಿತ್ರ ತೆಗೆಯಬಹುದಿತ್ತು. "ಸಾರು ಅಷ್ಟು ದೂರ್ದಿಂದ ಬಂದಿದ್ರು... ಬೇಡ ಅಂತ ಎಂಗೆ ಅನ್ನಾದು... ಫಿಲ್ಮಲ್ಲಿ ಬತ್ತೀನಲ್ಲ ಅಂತ..." ಅಂದು ನೆಲ ನೋಡಿದ.

"ನಾಳೆ ಇನ್ಯಾರೋ ಫಿಲ್ಮ್‌ನೋರು ಬಂದು ಯೆಂಡ್ತಿ ಮ್ಯಾಲೆ ತರಗು ಮುಚ್ಚು ಅಂದ್ರೆ?" ಅಂದಳು ಜಯಮ್ಮ.

"ಇಲ್ಲ! ಆಗಾಕಿಲ್ಲ ಅಂತೀನಿ!" ಅಂದ ಪುಟ್ಟಸ್ವಾಮಿ, ಸೇನೆಯಲ್ಲಿ ಉತ್ತರ ಕೊಡುವವನ ಹಾಗೆ. ಅನ್ವರ್ ಭಾಯ್ ಬಾಯಿಗೆ ಕರ್ಚೀಪು ಒತ್ತಿಕೊಂಡು ಪ್ರೊಜೆಕ್ಟರಿನ ಹಿಂದೆ ಬಗ್ಗಿದರು.

ಗೌಡರೂ ಕೊನೆಗೆ ನಕ್ಕರು. ಆದರೆ ನಕ್ಕ ಮೇಲೆ ಒಂದು ಷರತ್ತು ಹಾಕಿದರು. "ನಮ್ ಮನೇಗೆ ತಿಳೀತು, ಸರಿ. ಸಂತೇಲಿ ನೋಡಿದ್ ನಾಕೂರಿನ್ ಜನಕ್ಕೆ ಯಾರು ಏಳೋರು? ಹರಕು ಬನೀನಿಗೆ ಮಗ್ಳು ಕೊಟ್ಟ ಅಂತಾರೆ. ಮುಂದ್ಲ ಸಂತೆ ದಿನ ಅದೇ ಫಿಲ್ಮು, ಅದೇ ಪರದೇಲಿ, ಇದೇ ಯಮ್ಮನ ದನೀಲಿ ನಿಜ ಏಳ್ಬೇಕು. ಏಳುದ್ರೆ ಮದ್ವೆ. ಅಲ್ಲೀಗಂಟ ನಾಗಮಂಗ್ಲದೋರ್ಗೆ ಊಂ ಅನ್ನಾಕಿಲ್ಲ, ಊಹೂಂ ಅನ್ನಾಕಿಲ್ಲ." ತಮ್ಮನಿಗೆ, "ಪಂಚೆ ಬದ್ಲಾಯ್ಸ್ಕೊಳ್ಲಾ," ಅಂದರು.

ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡೇ ಹೊರಡಬೇಕಾಯಿತು. ನಾನು ಹ್ಞೂಂ ಅಂದು ಬಂದಿದ್ದೆನೇ ಹೊರತು, ಚಿತ್ರ ನನ್ನದಲ್ಲ. ಮೂರ್ತಿ ಸಾರ್ ಒಪ್ಪದಿದ್ದರೆ ಪುಟ್ಟಸ್ವಾಮಿಯ ಮದುವೆ ಆ ಕತ್ತಲೆ ಕೋಣೆಯಲ್ಲೇ ನಿಂತ ಹಾಗೆ.

ಮನೆಗೆ ಬರುವಾಗ ಸಂಜೆ ಐದು. ಮೂರ್ತಿ ಸಾರ್ ನಮಗಿಂತ ಮೊದಲೇ ಬಂದು, ಬೂಟು ಕೂಡ ಬಿಚ್ಚದೆ ಮೇಜಿನ ಮುಂದೆ ಕೂತಿದ್ದರು. ಮುಖ ಬೆಳಗುತ್ತಿತ್ತು. "ಅಮ್ಮಾ, ಬಹಳ ಮೆಚ್ಚಿದರು! ಎಲ್ಲಕ್ಕಿಂತ ಯಾವುದನ್ನ ಮೆಚ್ಚಿದರು ಗೊತ್ತಾ? ಆ ಎತ್ತಿನ ಗಾಣ!"

ನಾನು ಸೆರಗು ಸರಿಮಾಡಿಕೊಂಡು, ಬೆಳಗ್ಗೆಯಿಂದ ಆದದ್ದನ್ನೆಲ್ಲ ಹೇಳಿದೆ. ಹುಲ್ಲಿನ ವಿಷಯ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಮದುವೆಗಿಂತ ಆ ಹುಲ್ಲೇ ಹೆಚ್ಚು ನೋಯಿಸಿತು. ಆಮೇಲೆ ಗಟ್ಟಿಯಾದರು.

"ಚಿತ್ರದೊಳಗೆ ನಾವೇ ಸುಳ್ಳು ಹೇಳಿದೆವು ಅಂತ ಹೇಳಿಕೊಳ್ಳೋದಾ? ಮೊದಲಿನವರು ಯಾರಾದರೂ ಹೇಳಿಕೊಂಡರಾ? ಇಡೀ ಇತಿಹಾಸದಲ್ಲಿ ಒಬ್ಬರನ್ನ ತೋರಿಸಿ."

ನಾನು ಎಂದೂ ಅವರಿಗೆ ಎದುರಾಡಿದವಳಲ್ಲ. ಅವತ್ತು ಹೇಗೋ ಬಾಯಿಗೆ ಬಂತು. "ಸಾರ್, ಅವರು ಹಡಗು ಹತ್ತಿ ಎಲ್ಲಿಗೋ ಹೋಗಿ ಚಿತ್ರ ತೆಗೆದು ವಾಪಸು ಬಂದುಬಿಟ್ಟರು. ಗೋಡೆಯಿಲ್ಲದ ಮನೆಯಲ್ಲಿ ಮಲಗಿದವರು ಅದನ್ನು ನೋಡಿದರೋ ಇಲ್ಲವೋ, ನೋಡಿ ಅತ್ತರೋ ನಕ್ಕರೋ, ನಿಮ್ಮ ಪುಸ್ತಕದಲ್ಲಿ ಇದೆಯಾ? ನಮ್ಮವರು ಮೊದಲನೇ ಬಸ್ಸಿಗೆ ಬಂದು ಜಗಲಿ ಮೇಲೆ ಕೂರುತ್ತಾರೆ. ನಾನು ಅವರ ಮುಖ ನೋಡಿ ಕಾಫಿ ಕೊಡಬೇಕಲ್ಲ."

ಅನ್ವರ್ ಭಾಯ್ ಹೊರಗೆ ವ್ಯಾನಿನ ಗಾಜನ್ನು ಒರೆಸಿದ್ದೇ ಒರೆಸಿದ್ದು. ಕೊನೆಗೆ ಮೂರ್ತಿ ಸಾರ್, "ಒಂದೇ ವಾಕ್ಯ. ಹೆಚ್ಚಿಲ್ಲ," ಅಂದು ಪೆನ್ನು ತೆಗೆದರು. "ಪ್ರಾಚೀನ ಪದ್ಧತಿಯನ್ನು ಇಲ್ಲಿ ಪುನರ್ನಿರೂಪಿಸಲಾಗಿದೆ" ಅಂತ ಬರೆದರು.

"ಸಾರ್, ಇದು ಗೌಡರಿಗೆ ಅರ್ಥ ಆಗಬೇಕು."

"ಹಾಗಾದರೆ ನೀವೇ ಬರೀರಿ."

ಬರೆದೆ. "ಈ ಗಾಣ ಈಗ ಇಲ್ಲಿ ಓಡುವುದಿಲ್ಲ. ಪುಟ್ಟಸ್ವಾಮಿಯವರ ಬಳಿ ಒಳ್ಳೆಯ ಎಂಜಿನ್ನು ಇದೆ. ಚಿತ್ರಕ್ಕಾಗಿ ನಾವು ಅದನ್ನು ತರಗಿನಲ್ಲಿ ಮುಚ್ಚಿದೆವು." ಮೂರ್ತಿ ಸಾರ್ ವಾಕ್ಯಗಳನ್ನು ಎಣಿಸಿದರು, ಮೂರು ಅಂತ ಬೆರಳು ತೋರಿಸಿದರು. ಆದರೆ ಒಂದನ್ನೂ ಹೊಡೆಯಲಿಲ್ಲ. "ಮುಚ್ಚಲಾಯಿತು ಅಂದರೆ ಆಗೋಲ್ಲವೇ?" ಅಂತ ಒಮ್ಮೆ ಕೇಳಿದರು. ಯಾರು ಮುಚ್ಚಿದರು ಅಂತ ಜಯಮ್ಮ ಕೇಳುತ್ತಾಳೆ ಸಾರ್, ಅಂದೆ. ಎತ್ತಿನಂತೆ ಅವನೂ ಸುತ್ತುತ್ತಿದ್ದಾನೆ ಅನ್ನುವ ಮರುಕದ ವಾಕ್ಯವನ್ನು ಅವರೇ ಅಡ್ಡಗೆರೆ ಎಳೆದು ತೆಗೆದರು.

ಅವತ್ತಿನಿಂದ ನನ್ನ ಚೀಟಿಗಳ ಮೂಲೆಯಲ್ಲಿ ಒಂದು ಮಾತು ಸೇರಿತು. ತಾನಾಗಿ ನಡೆದದ್ದಕ್ಕೆ "ತಾನಾಗಿ", ನಡೆಯುವುದನ್ನೇ ಇನ್ನೊಮ್ಮೆ ಮಾಡಿಸಿದ್ದಕ್ಕೆ "ಕೇಳಿ", ಇಲ್ಲದ್ದನ್ನು ತಂದು ಹೂಡಿದ್ದಕ್ಕೆ "ಹೂಡಿ". ಹಂಡೆಯ ಕಾವೇರಿಯ ಹಳೆಯ ಚೀಟಿಯನ್ನೂ ಹುಡುಕಿ "ಹೂಡಿ" ಅಂತ ಬರೆದೆ. ವಿಡಿಯೊ ಕ್ಯಾಸೆಟ್ಟು ಬಂದ ಮೇಲೆ ಗಂಟೆಗಟ್ಟಲೆ ತೆಗೆಯತೊಡಗಿದರು, ಚೀಟಿ ಬರೆಯುವವರಿಗೆ ಬೆಲೆ ಹೋಯಿತು. ಈಗ ನೀವು ಫೋನಿನಲ್ಲೇ ತೆಗೆದು ಫೋನಿನಲ್ಲೇ ಕತ್ತರಿಸುತ್ತೀರಿ, ನನ್ನ ಮಾವನವರ ಪಂಚೆಯೂ ಬೇಕಿಲ್ಲ. ಮಾಡಿಸಿ ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ಮಾಡಿಸದೆ ಒಂದು ಚಿತ್ರವೂ ಆಗುವುದಿಲ್ಲ. ಮಾಡಿಸಿದ್ದು ಅಂತ ಎಲ್ಲಾದರೂ ಒಂದು ಕಡೆ ಬರೆದಿಡಿ, ನೋಡುವವರಿಗೆ ಕಾಣುವ ಕಡೆ. ತೆಗೆಯುವ ಮೊದಲು, ಇದನ್ನು ನಿಮ್ಮ ಬೀಗರು ನೋಡಿದರೆ ಪರವಾಗಿಲ್ಲವಾ ಅಂತ ಎದುರಿಗೆ ನಿಂತವರನ್ನು ಕೇಳಿ. ಪುಸ್ತಕದಲ್ಲಿರುವ ನೀತಿಯೆಲ್ಲ ಆ ಒಂದು ಪ್ರಶ್ನೆಯಲ್ಲಿ ಬಂದುಬಿಡುತ್ತದೆ.

ಮುಂದಿನ ಸಂತೆಯ ದಿನ ಸಂತೆಬಾಚಹಳ್ಳಿಯಲ್ಲಿ ಏನಾಯಿತು ಅನ್ನುವುದಕ್ಕೆ ಇಷ್ಟು ಸಾಕು: ಜಯಮ್ಮ ಈಗ ಆಲೆಮನೆಯ ಯಜಮಾನಿ, ಪುಟ್ಟಸ್ವಾಮಿ ಅವಳನ್ನು ಕೇಳದೆ ಫೋಟೊಕ್ಕೂ ನಿಲ್ಲುವುದಿಲ್ಲ.

ಆ ಸಂಜೆಯೇ ಕೌದಿ ತೂಗುಹಾಕಿದೆವು. ಮೂರು ವಾಕ್ಯಗಳನ್ನು ಓದಲು ಹನ್ನೊಂದು ಸಲ ಬೇಕಾಯಿತು. ಪ್ರತಿ ಸಲವೂ "ನಾವು" ಅನ್ನುವಲ್ಲಿ ದನಿ ತಗ್ಗುತ್ತಿತ್ತು. ಮೂರ್ತಿ ಸಾರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಗಟ್ಟಿಯಾಗಿ ಅಮ್ಮಾ, ಇನ್ನೂ ಗಟ್ಟಿಯಾಗಿ," ಅನ್ನುತ್ತಲೇ ಇದ್ದರು. ಹನ್ನೊಂದನೆಯದಕ್ಕೆ ತಲೆಯಾಡಿಸಿದರು.

ಕೌದಿ ಮಡಚಿಕೊಂಡು ಹಿತ್ತಲಿಗೆ ಬಂದರೆ, ಪಕ್ಕದ ಮನೆಯ ಶಾಂತಾ ತನ್ನ ಒಗೆದ ಬಟ್ಟೆ ಎತ್ತುತ್ತಿದ್ದಳು. ನಾವು ನಮ್ಮ ಊರಿನ ಬೆಳಗಿನ ಬಗ್ಗೆ ತೆಗೆದಿದ್ದ ಚಿತ್ರವೊಂದರಲ್ಲಿ ಅವಳೂ ಬಾಗಿಲ ಮುಂದೆ ರಂಗೋಲಿ ಬಿಡುತ್ತ ಒಂದು ಗಳಿಗೆ ಬರುತ್ತಾಳೆ. ನನ್ನ ಹನ್ನೊಂದು ಸಲದ ಓದನ್ನು ಗೋಡೆಯಾಚೆಯಿಂದ ಪೂರ್ತಿ ಕೇಳಿಸಿಕೊಂಡಿದ್ದಳು.

"ಅಕ್ಕಾ, ನಿಜ ಹೇಳೋ ಭರದಲ್ಲಿ ನನ್ ರಂಗೋಲಿ ಸುದ್ದೀಗೆ ಮಾತ್ರ ಬರ್ಬೇಡಿ," ಅಂದಳು, ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ. "ನೀವು ಅದನ್ನ ಬಿಡ್ಸಿದ್ದು ಮಧ್ಯಾಹ್ನ ಮೂರು ಗಂಟೇಲಿ. ನಾಗಮಂಗಲದಲ್ಲಿ ನಮ್ಮತ್ತೆ ಫಿಲ್ಮ್ ನೋಡ್ಬುಟ್ಟು, ನಮ್ ಸೊಸೆ ಸೂರ್ಯ ಹುಟ್ಟೋಕ್ ಮುಂಚೇನೇ ಎದ್ದಿರ್ತಾಳೆ ಅಂತ ಊರೆಲ್ಲ ಸಾರ್ಕೊಂಡ್ ಬತ್ತಾವ್ರೆ. ಅದೊಂದು ಇದ್ದಂಗೇ ಇರ್ಲಿ ಬುಡಿ."